ಯುರೋಪಿಗೆ ಹೊರಡುವ ಮುನ್ನ ಯಡೂರಿಗೆ ಹೋಗಿ ಬನ್ನಿ

ಏಪ್ರಿಲ್ 10ರಂದು ಶಾಲೆಯ ಫಲಿತಾಂಶ ಗೊತ್ತಾಯಿತೆಂದರೆ ಸಾಕು, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಎಷ್ಟೋ ಮನೆಗಳಲ್ಲಿ ಅಜ್ಜ-ಆಯಿಯ ದಿನಚರಿ ಬದಲಾಗಿ ಹೋಗುತ್ತದೆ. ಪುಣೆ, ಬೆಂಗಳೂರು, ಹುಬ್ಬಳ್ಳಿಯಿಂದ ಮೊಮ್ಮಕ್ಕಳು ಬಂದಿಳಿಯುತ್ತಾರೆ. ಬಂದ ಮರುಗಳಿಗೆಯೇ ಒಬ್ಬ ಅಟ್ಟದ ಮೇಲೆ, ಇನ್ನೊಬ್ಬಳು ಬೇವಿನ ಮರದ ಮೇಲೆ. 'ಓಡಬ್ಯಾಡೋ, ಬೀಳ್ತಿ' ಎಂದು ಆಯಿ ಕೂಗುವುದು, ಆ ಕೂಗು ಮುಗಿಯುವ ಮೊದಲೇ ಹುಡುಗ ಬಾವಿಕಟ್ಟೆಯ ಆಚೆ ಇರುವುದು ಪ್ರತಿ ಬೇಸಿಗೆಯ ಕಥೆ.

ಈಚಿನ ವರ್ಷಗಳಲ್ಲಿ ಈ ಕಥೆಗೆ ಹೊಸದೊಂದು ಅಧ್ಯಾಯ ಸೇರಿಕೊಂಡಿದೆ. ಮಕ್ಕಳು ನೌಕರಿಯಲ್ಲಿದ್ದಾರೆ, ಅವರಿಗೆ ರಜೆ ಸಿಗದು. ಅಜ್ಜನಿಗೆ ನಿವೃತ್ತಿಯಾಗಿದೆ, ಕೈಯಲ್ಲಿ ಒಂದಿಷ್ಟು ಉಳಿತಾಯವಿದೆ. 'ಕಾಲು ಗಟ್ಟಿ ಇರುವಾಗಲೇ ಒಮ್ಮೆ ಯುರೋಪು ನೋಡಿ ಬನ್ನಿ, ಮೊಮ್ಮಗನನ್ನೂ ಕರೆದುಕೊಂಡು ಹೋಗಿ' ಎಂಬ ಮಾತು ಮನೆಯಲ್ಲಿ ಏಳುತ್ತದೆ. ಕೇಳಲು ಚೆನ್ನಾಗಿದೆ. ಆದರೆ ರಾತ್ರಿ ದೀಪ ಆರಿದ ಮೇಲೆ ಇಬ್ಬರಿಗೂ ಒಂದೇ ಯೋಚನೆ: ಹಿತ್ತಲಲ್ಲೇ ಹಿಡಿಯಲಾಗದ ಈ ಹುಡುಗನನ್ನು ಪ್ಯಾರಿಸ್ಸಿನ ಗದ್ದಲದಲ್ಲಿ ಹಿಡಿಯುವುದು ಹೇಗೆ?

ಈ ಯೋಚನೆ ನಿಜವಾದದ್ದೇ. ಹಣ ಹೋದರೆ ಹೋಯಿತು ಎನ್ನಬಹುದು. ಆದರೆ ಅಜ್ಜ-ಮೊಮ್ಮಗ ಕೂಡಿ ದೂರ ಪ್ರಯಾಣ ಮಾಡಬಹುದಾದ ವರ್ಷಗಳು ಬಹಳ ಇರುವುದಿಲ್ಲ. ಹುಡುಗನಿಗೆ ಎಂಟು ತುಂಬುವವರೆಗೆ ನೋಡಿದ್ದು ನೆನಪಿನಲ್ಲಿ ನಿಲ್ಲುವುದು ಕಷ್ಟ. ಹದಿನಾಲ್ಕು ದಾಟಿದರೆ ಹತ್ತನೇ ಇಯತ್ತೆ, ಟ್ಯೂಷನ್, ಗೆಳೆಯರ ಬಳಗ. ನಡುವಿನ ಆ ಐದಾರು ವರ್ಷಗಳಲ್ಲಿ ಅಜ್ಜನ ಮಂಡಿಯೂ ಸಹಕರಿಸಬೇಕು. ಅಂಥ ಒಂದೇ ಒಂದು ಪ್ರವಾಸ 'ಸುಮ್ನ ಕೂಡು' ಎಂಬ ಗದರಿಕೆಯಲ್ಲೇ ಕಳೆದು ಹೋದರೆ ಆ ನಷ್ಟ ತುಂಬುವಂಥದ್ದಲ್ಲ.

ಹಾಗಾದರೆ ಮಾಡುವುದೇನು? ಮೊದಲು ಎರಡು ದಿನದ ಒಂದು ತಾಲೀಮು ಮಾಡಬೇಕು, ಅದೂ ಮನೆಯ ಸುತ್ತಲಿನ ಊರುಗಳಲ್ಲೇ.

ಕಾಣೆಯಾದ ಬಸವಣ್ಣ

ತಾಲೀಮಿಗೆ ಚಿಕ್ಕೋಡಿ ತಾಲ್ಲೂಕಿನ ಯಡೂರಿಗಿಂತ ಒಳ್ಳೆಯ ಊರಿಲ್ಲ. ಕೃಷ್ಣೆಯ ದಂಡೆಯ ಮೇಲಿನ ಈ ಊರಿನ ವೀರಭದ್ರ ದೇವರು ಈ ಭಾಗದ ಅನೇಕ ಮನೆತನಗಳ ಕುಲದೈವ. ದಕ್ಷಬ್ರಹ್ಮನ ಯಜ್ಞ ನಡೆದದ್ದು ಇಲ್ಲೇ ಎಂಬುದು ಸ್ಥಳಪುರಾಣ. ತವರಿನ ಯಜ್ಞಕ್ಕೆ ಸತಿ ಹೊರಟಾಗ ಶಿವ ತನ್ನ ನಂದಿಯನ್ನೇ ಆಕೆಯೊಡನೆ ಕಳಿಸಿದ. ಆಕೆ ಅಲ್ಲಿ ಬೆಂಕಿಗೆ ಆಹುತಿಯಾದಾಗ ಕೋಪದಿಂದ ಉರಿದ ಶಿವ ಸಮೀಪದ ಖಿದ್ರಾಪುರದಲ್ಲಿ ಕೋಪೇಶ್ವರನಾಗಿ ನಿಂತ. ನಂದಿ ಮಾತ್ರ ಯಡೂರಿನಲ್ಲೇ ಉಳಿಯಿತು ಎಂದು ಹಿರಿಯರು ಹೇಳುತ್ತಾರೆ.

ಖಿದ್ರಾಪುರ ಇರುವುದು ಮಹಾರಾಷ್ಟ್ರದ ಶಿರೋಳ ತಾಲ್ಲೂಕಿನಲ್ಲಿ, ನಮ್ಮ ಕಾಗವಾಡ ತಾಲ್ಲೂಕಿನ ನೆರೆಯಲ್ಲೇ. ಮೂರು ಕಡೆ ಕೃಷ್ಣೆ ಬಳಸಿ ಹರಿಯುವ ಊರು. ಇಲ್ಲಿನ ಕೋಪೇಶ್ವರ ಗುಡಿ ಶಿಲಾಹಾರ ಅರಸರ ಕಾಲದ್ದು, ಹನ್ನೆರಡನೇ ಶತಮಾನದ ಕೆಲಸ. ಹಳಗನ್ನಡದ ಶಾಸನಗಳೂ ಇಲ್ಲಿವೆ.

ಪುರಾಣವನ್ನು ಪೂರ್ತಿ ಹೇಳದೆ, ಹುಡುಗನನ್ನು ನೇರವಾಗಿ ಖಿದ್ರಾಪುರಕ್ಕೆ ಕರೆದೊಯ್ಯಬೇಕು. 'ಶಿವನ ಗುಡಿಯಲ್ಲಿ ಏನೇನು ಇರಬೇಕು, ಇಲ್ಲಿ ಏನಿಲ್ಲ, ಹುಡುಕು' ಎಂದಷ್ಟೇ ಹೇಳಿ ಅಜ್ಜ-ಆಯಿ ನೆರಳಿನಲ್ಲಿ ಕೂಡಬೇಕು. ಹುಡುಗ ಗುಡಿ ಸುತ್ತುತ್ತಾನೆ, ಕಂಬ ಎಣಿಸುತ್ತಾನೆ, ಗುಡಿಯ ಬುಡದಲ್ಲಿ ಸಾಲಾಗಿ ನಿಂತ ಕಲ್ಲಿನ ಆನೆಗಳನ್ನು ಎಣಿಸಿ ಲೆಕ್ಕ ತಪ್ಪಿ ಮತ್ತೆ ಎಣಿಸುತ್ತಾನೆ. ಕೊನೆಗೆ ಓಡಿ ಬಂದು ಕೇಳುತ್ತಾನೆ: 'ಅಜ್ಜಾ, ಬಸವಣ್ಣ ಎಲ್ಲಿ ಹೋದ?'

'ನಡಿ, ಹುಡುಕೋಣ' ಎಂದು ಅಜ್ಜ ಏಳಬೇಕು. ಮುಂದಿನ ನಿಲ್ದಾಣ ಯಡೂರು.

ಇಲ್ಲಿ ನಡೆದದ್ದೇನು ಎಂಬುದನ್ನು ತಾಯಿ-ತಂದೆಗಳು ಗಮನಿಸಬೇಕು. ಅದೇ ಹುಡುಗ, ಅದೇ ಓಟ. ಆದರೆ ಈಗ ಓಟಕ್ಕೊಂದು ಕೆಲಸ ಸಿಕ್ಕಿದೆ, ಹುಡುಗನೇ ಸುತ್ತಾಡಿ ಸುದ್ದಿ ತಂದು ಅಜ್ಜನಿಗೆ ಒಪ್ಪಿಸುತ್ತಿದ್ದಾನೆ. ತುಂಟ ಮಗುವನ್ನು ಕಟ್ಟಿ ಕೂಡಿಸುವ ಹಗ್ಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅದರ ಕೈಗೆ ಒಂದು ಪ್ರಶ್ನೆ ಕೊಟ್ಟರೆ ಮಾತ್ರ ಅದು ತಿರುಗಿ ನಮ್ಮ ಬಳಿಗೇ ಬರುತ್ತದೆ.

ಮರುದಿನ ರಾಯಬಾಗದಲ್ಲಿ ಪ್ಯಾಸೆಂಜರ್ ರೈಲು ಹತ್ತಿ ಚಿಂಚಲಿ, ಕುಡಚಿ ಮೇಲೆ ಶೇಡಬಾಳದವರೆಗೆ ಹೋಗಬಹುದು. ಕುಡಚಿ ಮತ್ತು ಉಗಾರ ಖುರ್ದದ ನಡುವೆ ಗಾಡಿ ಕೃಷ್ಣೆಯನ್ನು ದಾಟುವಾಗ ಗಾಲಿಯ ಸದ್ದು ಒಮ್ಮೆಲೇ ಬದಲಾಗುತ್ತದೆ. ನೆಲದ ಮೇಲಿದ್ದಾಗ ಆ ಸದ್ದನ್ನು ಜಲ್ಲಿ ಮತ್ತು ಮಣ್ಣು ನುಂಗುತ್ತವೆ, ಸೇತುವೆಯ ಮೇಲೆ ಸೇತುವೆಯೇ ಕಂಪಿಸಿ ಸದ್ದನ್ನು ಹೆಚ್ಚಿಸುತ್ತದೆ. ಕಣ್ಣು ಮುಚ್ಚಿ ಕೂತು 'ಈಗ ಹೊಳಿ ಬಂತು' ಎಂದು ಹೇಳುವ ಆಟ ಆಡಿದರೆ ಹುಡುಗ ಕಿಟಕಿಯ ಬಳಿ ಅಲುಗಾಡದೆ ಕೂಡುತ್ತಾನೆ. ಅಥಣಿಯಲ್ಲಿ ಚಪ್ಪಲಿ ಹೊಲಿಯುವವರ ಮನೆಯ ಮುಂದೆ ಅರ್ಧ ತಾಸು ನಿಂತರೂ ಸಾಕು. ಕೊಲ್ಹಾಪುರಿ ಎಂದು ಹೆಸರಾದ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಾಗ ಅದರಲ್ಲಿ ಬೆಳಗಾವಿ ಜಿಲ್ಲೆಯೂ ಸೇರಿತ್ತು. 2025ರ ಜೂನ್‌ನಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಕಂಪನಿ ಇಂಥದೇ ಚಪ್ಪಲಿ ಪ್ರದರ್ಶಿಸಿದಾಗ ದೊಡ್ಡ ಗದ್ದಲವಾಯಿತು. ಆ ವಿನ್ಯಾಸಕ್ಕೆ ಭಾರತದ ಕೈಕಸುಬೇ ಪ್ರೇರಣೆ ಎಂದು ಕಂಪನಿ ಆಮೇಲೆ ಒಪ್ಪಿಕೊಂಡಿತು. ಅಥಣಿಯಲ್ಲಿ ಚರ್ಮ ಕತ್ತರಿಸುವುದನ್ನು ಕಂಡ ಹುಡುಗನಿಗೆ ಮಿಲಾನಿನ ಗಾಜಿನ ಅಂಗಡಿ ಅಪರಿಚಿತ ಎನಿಸುವುದಿಲ್ಲ.

ಖಿದ್ರಾಪುರದ ಕಿಂಡಿ, ರೋಮಿನ ಕಿಂಡಿ

ಖಿದ್ರಾಪುರದ ಗುಡಿಯ ಮುಂಭಾಗದಲ್ಲಿ ಸ್ವರ್ಗಮಂಟಪ ಎಂಬ ಮಂಟಪವಿದೆ. ಅದರ ಚಾವಣಿಯ ನಡುವೆ ಸುಮಾರು 13 ಅಡಿ ಅಗಲದ ದುಂಡನೆಯ ಬಯಲು. ಅದರ ನೇರ ಕೆಳಗೆ ಅಷ್ಟೇ ದುಂಡಗಿನ ಕಲ್ಲಿನ ಹಾಸು, ಸುತ್ತ ಹನ್ನೆರಡು ಕಂಬಗಳು. ತಲೆಯೆತ್ತಿದರೆ ಆಕಾಶ.

ಯುರೋಪಿಗೆ ಹೋದವರು ರೋಮಿನಲ್ಲಿ ಪ್ಯಾಂಥಿಯನ್ ಎಂಬ ಕಟ್ಟಡವನ್ನು ತಪ್ಪದೆ ನೋಡುತ್ತಾರೆ. ಚಕ್ರವರ್ತಿ ಹೇಡ್ರಿಯನ್ ಕಾಲದಲ್ಲಿ, ಸುಮಾರು 1900 ವರ್ಷಗಳ ಹಿಂದೆ ಕಟ್ಟಿದ್ದು. ಅದರ ಗುಮ್ಮಟದ ನೆತ್ತಿಯಲ್ಲೂ ಇಂಥದೇ ದುಂಡು ಕಿಂಡಿ, 25 ಅಡಿಗೂ ಹೆಚ್ಚು ಅಗಲ. ಮಳೆ ನೇರವಾಗಿ ಒಳಗೆ ಬೀಳುತ್ತದೆ. ನೀರು ಇಳಿದು ಹೋಗಲು ನೆಲದಲ್ಲಿ ಸಣ್ಣ ತೂತುಗಳಿವೆ.

ಎರಡು ಕಿಂಡಿಗಳಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ರೋಮಿನಲ್ಲಿ ಸೂರ್ಯ ವರ್ಷದ ಯಾವ ದಿನವೂ ನೆತ್ತಿಯ ಮೇಲೆ ಬರುವುದಿಲ್ಲ. ಜೂನ್ 21ರ ಮಧ್ಯಾಹ್ನ ಕೂಡ ಅವನು ಸುಮಾರು 71 ಅಂಶಗಳಷ್ಟೇ ಮೇಲೇರುತ್ತಾನೆ. ಹೀಗಾಗಿ ಬೆಳಕಿನ ಚಕ್ರ ಕಿಂಡಿಯ ನೇರ ಕೆಳಗೆ ಎಂದೂ ಬೀಳದು. ನಮ್ಮಲ್ಲಿ ಹಾಗಲ್ಲ. ಚಿಕ್ಕೋಡಿಯಿಂದ ಕಾಗವಾಡದವರೆಗಿನ ಈ ನೆಲ ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು ಹದಿನಾರೂವರೆ ಅಂಶಗಳಲ್ಲಿದೆ. ಉತ್ತರಕ್ಕೆ ಸರಿಯುವ ಸೂರ್ಯ ಮೇ 5ರಿಂದ 7ರ ನಡುವೆ, ದಕ್ಷಿಣಕ್ಕೆ ಮರಳುವಾಗ ಆಗಸ್ಟ್ 5ರಿಂದ 7ರ ನಡುವೆ ಸರಿಯಾಗಿ ನಮ್ಮ ನೆತ್ತಿಯ ಮೇಲೆ ಬರುತ್ತಾನೆ. ಮೇ ತಿಂಗಳಿನ ಆ ದಿನ ಗಡಿಯಾರದಲ್ಲಿ ಸುಮಾರು 12 ಗಂಟೆ 28 ನಿಮಿಷವಾದಾಗ ನೆಟ್ಟಗೆ ನಿಂತ ಕೋಲಿಗೆ ನೆರಳೇ ಇರುವುದಿಲ್ಲ. ಖಿದ್ರಾಪುರದ ಕಿಂಡಿಯಿಂದ ಇಳಿದ ಬಿಸಿಲು ಕೆಳಗಿನ ದುಂಡು ಹಾಸಿನ ಮೇಲೆ ನೇರವಾಗಿ ಬೀಳುತ್ತದೆ.

ಆಗಸ್ಟಿನಲ್ಲಿ ಮೋಡದ ಕಾಟ. ಬೇಸಿಗೆ ರಜೆಯ ಮೇ ತಿಂಗಳೇ ಸರಿ. ಆ ಹೊತ್ತಿಗೆ ಕಲ್ಲು ಕಾದು ಬರಿಗಾಲಿಗೆ ಸುಡುತ್ತದೆ, ಆದ್ದರಿಂದ ನೆರಳಿನ ಅಂಚಿನಲ್ಲೇ ನಿಲ್ಲಬೇಕು. ನೀರಿನ ಬಾಟಲಿ ಜೊತೆಗಿರಲಿ. ಸೂರ್ಯನನ್ನು ಬರಿಗಣ್ಣಿನಿಂದ ನೋಡಲೇಕೂಡದು, ನೆಲದ ಮೇಲಿನ ಬೆಳಕನ್ನಷ್ಟೇ ನೋಡಬೇಕು. ಹೊಳೆಯ ದಂಡೆಗೆ ಮಕ್ಕಳನ್ನು ಒಂಟಿಯಾಗಿ ಬಿಡಬಾರದು. 2005 ಮತ್ತು 2019ರ ಮಹಾಪೂರ ಕಂಡ ಈ ಭಾಗದ ಹಿರಿಯರಿಗೆ ಕೃಷ್ಣೆಯ ಸ್ವಭಾವ ಹೊಸದಾಗಿ ಹೇಳಬೇಕಾಗಿಲ್ಲ.

ಕಾರ್ತಿಕ ಹುಣ್ಣಿಮೆಯ ನಡುರಾತ್ರಿ ಚಂದ್ರ ಈ ಕಿಂಡಿಯ ಮೇಲೆ ಬರುತ್ತಾನೆ ಎಂಬ ಮಾತೂ ಇದೆ. ಅದಕ್ಕೂ ಕಾರಣವುಂಟು. ಹುಣ್ಣಿಮೆಯ ಚಂದ್ರ ಸೂರ್ಯನ ಎದುರು ದಿಕ್ಕಿನಲ್ಲಿರುತ್ತಾನೆ. ನವೆಂಬರ್ ಹೊತ್ತಿಗೆ ಸೂರ್ಯ ದಕ್ಷಿಣಕ್ಕೆ ವಾಲಿದಷ್ಟೇ ಚಂದ್ರ ಉತ್ತರಕ್ಕೆ ಬಂದಿರುತ್ತಾನೆ. ಚಂದ್ರನ ಪಥ ಐದು ಅಂಶ ಓರೆಯಾಗಿರುವುದರಿಂದ ಪ್ರತಿ ವರ್ಷವೂ ಕರಾರುವಾಕ್ಕಾಗಿ ನೆತ್ತಿಗೆ ಬಾರದಿದ್ದರೂ ನೆತ್ತಿಯ ಸಮೀಪವಂತೂ ಇರುತ್ತಾನೆ.

ಚೀಲದಲ್ಲಿ ಒಂದು ಕೋಲು

ತಾಲೀಮು ಮುಗಿಯಿತು. ಇನ್ನು ಯುರೋಪಿಗೆ ಹೋಗುವುದಾದರೆ ಕಾಗದಪತ್ರಗಳ ಕೆಲಸ ಮೊದಲು. ಮಗುವಿಗೆ ಅದರದೇ ಪಾಸ್‌ಪೋರ್ಟ್ ಬೇಕು. ಅದರ ಅವಧಿ ಐದು ವರ್ಷ ಮಾತ್ರ. ತಾಯಿ-ತಂದೆ ಜೊತೆಗಿಲ್ಲದ ಕಾರಣ ಅವರ ಒಪ್ಪಿಗೆ ಪತ್ರ ಮತ್ತು ಮಗುವಿನ ಜನನ ಪ್ರಮಾಣಪತ್ರ ಸಿದ್ಧವಿರಬೇಕು. ಷೆಂಗೆನ್ ವೀಸಾ ಒಂದಿದ್ದರೆ ಫ್ರಾನ್ಸ್, ಸ್ವಿಟ್ಜರ್ಲೆಂಡ್, ಇಟಲಿ ಸೇರಿ 29 ದೇಶಗಳಿಗೆ ಸಾಕು. ಇಂಗ್ಲೆಂಡಿಗೆ ಬೇರೆ ವೀಸಾ. ಅರ್ಜಿಯನ್ನು ಆರು ತಿಂಗಳು ಮೊದಲೇ ಕೊಡಬಹುದು. ಕನಿಷ್ಠ 30,000 ಯೂರೋ ವೆಚ್ಚ ಭರಿಸುವ ವೈದ್ಯಕೀಯ ವಿಮೆ ಕಡ್ಡಾಯ. ಹಾಲು, ಮಾಂಸದ ಪದಾರ್ಥಗಳನ್ನು ಒಯ್ಯಲು ಅಲ್ಲಿ ಅನುಮತಿಯಿಲ್ಲ. ಹೀಗಾಗಿ ತುಪ್ಪದ ಡಬ್ಬಿ ಮನೆಯಲ್ಲೇ ಇರಲಿ, ಕಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ ಜೊತೆಗೆ ಬರಲಿ.

ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ತಾಸು ಹಿಂದೆ. ಜೂನ್‌ನಲ್ಲಿ ಪ್ಯಾರಿಸ್ಸಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಸುಮಾರಿಗೆ. ಬೆಳಕಿರುವಾಗ ಹುಡುಗ ಮಲಗುವುದಿಲ್ಲ, ಅಜ್ಜನಿಗೆ ಕಣ್ಣು ಎಳೆಯುತ್ತದೆ. ಮಧ್ಯಾಹ್ನ ಒಂದೆರಡು ತಾಸು ಕೋಣೆಗೆ ಮರಳಿ ಮೂವರೂ ವಿಶ್ರಾಂತಿ ಪಡೆಯುವುದೇ ಇದಕ್ಕೆ ಮದ್ದು. ದಿನಕ್ಕೆ ಒಂದೇ ದೊಡ್ಡ ಸ್ಥಳ ಎಂಬ ನಿಯಮವಿದ್ದರೆ ಒಳ್ಳೆಯದು. ಬೆಳಗಿನಿಂದ ರಾತ್ರಿಯವರೆಗೆ ಬಸ್ಸಿನಲ್ಲಿ ಕೂಡಿಸಿ ಏಳೆಂಟು ಸ್ಥಳ ತೋರಿಸುವ ಪ್ರವಾಸ ಮಗುವಿಗೂ ಶಿಕ್ಷೆ, ಮುಪ್ಪಿಗೂ ಶಿಕ್ಷೆ.

ಐಫೆಲ್ ಗೋಪುರದ ಎರಡನೇ ಅಂತಸ್ತಿಗೆ 674 ಮೆಟ್ಟಿಲು. ಓಡುವ ಕಾಲಿಗೆ ಅದಕ್ಕಿಂತ ಒಳ್ಳೆಯ ಮೇವಿಲ್ಲ. ಆದರೆ ಮಗುವನ್ನು ಒಂಟಿಯಾಗಿ ಬಿಡುವಂತಿಲ್ಲ. ಗಟ್ಟಿ ಮಂಡಿಯವರು ಜೊತೆಗೆ ಹತ್ತಲಿ, ಇನ್ನೊಬ್ಬರು ಲಿಫ್ಟಿನಲ್ಲಿ ಬರಲಿ. ಸ್ವಿಟ್ಜರ್ಲೆಂಡಿನ ಯುಂಗ್‌ಫ್ರಾವ್ ಯೋಖ್ ರೈಲು ನಿಲ್ದಾಣ 3,454 ಮೀಟರ್ ಎತ್ತರದಲ್ಲಿದೆ. ಅಲ್ಲಿನ ವಾಯುಒತ್ತಡ ಸಮುದ್ರಮಟ್ಟದ ಸುಮಾರು ಮೂರನೇ ಎರಡರಷ್ಟು ಮಾತ್ರ. ಹೃದಯದ ತೊಂದರೆ, ರಕ್ತದೊತ್ತಡ ಇದ್ದವರು ವೈದ್ಯರನ್ನು ಕೇಳಿಯೇ ಹೋಗಬೇಕು. 'ನಿಧಾನ' ಎಂದು ಅಜ್ಜ ಹೇಳುವ ಬದಲು ಗಾಳಿಯೇ ಹುಡುಗನಿಗೆ ಹೇಳುವ ಸ್ಥಳ ಅದು. ಜಿನೀವಾದ ಸರ್ನ್ ಸಂಸ್ಥೆಯಲ್ಲಿ 2023ರಲ್ಲಿ ತೆರೆದ ವಿಜ್ಞಾನ ಕೇಂದ್ರ ಉಚಿತ, ಸೋಮವಾರ ರಜೆ. ಭಾರತ 2004ರಲ್ಲಿ ಕೊಟ್ಟ ನಟರಾಜನ ಮೂರ್ತಿಯೂ ಆ ಸಂಸ್ಥೆಯ ಆವರಣದಲ್ಲಿದೆ.

ಇವೆಲ್ಲಕ್ಕಿಂತ ಮುಖ್ಯವಾಗಿ, ಚೀಲದಲ್ಲಿ 30 ಸೆಂಟಿಮೀಟರ್ ಉದ್ದದ ಒಂದು ಕೋಲು ಇರಲಿ. ಮೇ ಕೊನೆಯ ವಾರ ರೋಮಿನಲ್ಲಿದ್ದರೆ ಅದನ್ನು ಮಟ್ಟಸ ನೆಲದ ಮೇಲೆ ನೆಟ್ಟಗೆ ಹಿಡಿದು ಅತಿ ಗಿಡ್ಡ ನೆರಳನ್ನು ಅಳೆಯಬೇಕು. ಅಲ್ಲಿ ನಡುಹಗಲು ಗಡಿಯಾರದ 12ಕ್ಕಲ್ಲ, 1 ಗಂಟೆ 7 ನಿಮಿಷದ ಸುಮಾರಿಗೆ. ನೆರಳು ಉತ್ತರಕ್ಕೆ ಸುಮಾರು 11 ಸೆಂಟಿಮೀಟರ್. ಅದೇ ದಿನ ಚಿಕ್ಕೋಡಿಯಲ್ಲಿ ತಂದೆಯೋ ತಾಯಿಯೋ ಅಷ್ಟೇ ಉದ್ದದ ಕೋಲು ನಿಲ್ಲಿಸಿದರೆ ಮೂರು ಸೆಂಟಿಮೀಟರಿಗೂ ಕಡಿಮೆ ನೆರಳು, ಅದೂ ದಕ್ಷಿಣಕ್ಕೆ! ಸೂರ್ಯ ಆಗ ನಮ್ಮನ್ನು ದಾಟಿ ಉತ್ತರಕ್ಕೆ ಹೋಗಿರುತ್ತಾನೆ. ಎರಡೂ ನೆರಳುಗಳನ್ನು ಕಾಗದದ ಮೇಲೆ ಬರೆದು ಕೋನಮಾಪಕದಿಂದ ಅಳೆದರೆ 20 ಮತ್ತು 5, ಕೂಡಿದರೆ ಸುಮಾರು 25 ಅಂಶ. ಒಂದು ಅಂಶಕ್ಕೆ 111 ಕಿಲೋಮೀಟರ್. ಅಂದರೆ ರೋಮ್ ನಮಗಿಂತ ಸುಮಾರು 2,800 ಕಿಲೋಮೀಟರ್ ಉತ್ತರಕ್ಕಿದೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಎರಟೋಸ್ತನೀಸ್ ಎಂಬ ಗ್ರೀಕ್ ವಿದ್ವಾಂಸ ಇಂಥದೇ ನೆರಳಿನಿಂದ ಭೂಮಿಯ ಸುತ್ತಳತೆ ಕಂಡುಹಿಡಿದಿದ್ದ.

ಫೋನಿನಲ್ಲಿ ಆ ರಾತ್ರಿ 'ಊಟ ಆಯ್ತಾ, ಅಜ್ಜನ್ನ ಕಾಡಬ್ಯಾಡ' ಎಂಬಷ್ಟಕ್ಕೇ ಮಾತು ಮುಗಿಯುವುದಿಲ್ಲ. 'ಪಪ್ಪಾ, ನಿಮ್ಮ ನೆರಳು ಎಷ್ಟು ಬಂತು?' ಎಂದು ಹುಡುಗ ಕೇಳುತ್ತಾನೆ. ಮನೆಯಲ್ಲಿ ಉಳಿದವರೂ ಪ್ರವಾಸದಲ್ಲಿ ಸೇರಿಕೊಂಡಂತಾಯಿತು.

ಯುರೋಪಿಗೆ ಹೋಗಲು ಎಲ್ಲರಿಗೂ ಆಗದು, ಆಗಬೇಕೆಂದೂ ಇಲ್ಲ. ಹೋಗದವರು ನಷ್ಟವಾಯಿತೆಂದು ಕೊರಗಬೇಕಾಗಿಲ್ಲ. ನೆರಳಿಲ್ಲದ ನಡುಹಗಲು ರೋಮಿನ ಮಕ್ಕಳಿಗೆ ತಮ್ಮ ಊರಿನಲ್ಲಿ ಎಂದೂ ಸಿಗದು. ನಮ್ಮ ಮಕ್ಕಳಿಗೆ ಅದು ವರ್ಷಕ್ಕೆ ಎರಡು ಸಲ ಹಿತ್ತಲಿಗೇ ಬರುತ್ತದೆ. ಬರುವ ಮೇ ತಿಂಗಳಿನ ಮೊದಲ ವಾರ ಅಜ್ಜನ ಊರುಗೋಲನ್ನೇ ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿ ನೋಡಿ. ಅದರ ನೆರಳು ಕೋಲಿನ ಬುಡಕ್ಕೇ ಸೇರಿಕೊಳ್ಳುವ ಆ ಒಂದೆರಡು ನಿಮಿಷ ಎಂಥ ತುಂಟ ಹುಡುಗನೂ ಉಸಿರು ಬಿಗಿಹಿಡಿದು ನಿಂತಿರುತ್ತಾನೆ, ಅಜ್ಜನ ಪಕ್ಕದಲ್ಲೇ.