ಒಲವಿನ ಇಂಗಿತ: ತಿಳಿಸುವ ಬಗೆ, ತಿಳಿಯುವ ಬಗೆ

ನಮ್ಮ ಸಂಘದ ಸ್ಮರಣ ಸಂಚಿಕೆಗೆ ಪ್ರತಿವರ್ಷವೂ ಒಂದು ಲೇಖನ ಬರೆದುಕೊಡುವುದು ನನಗೆ ರೂಢಿಯಾಗಿದೆ. ಇದುವರೆಗೆ ಬರೆದುದೆಲ್ಲ ಠೇವಣಿ, ನಾಮನಿರ್ದೇಶನ, ಗೃಹಸಾಲ ಮೊದಲಾಗಿ ನನ್ನ ವೃತ್ತಿಗೆ ಸೇರಿದ ವಿಷಯಗಳು. ರಕ್ತದೊತ್ತಡ, ಮಧುಮೇಹ, ಹೃದ್ರೋಗಗಳನ್ನು ಕುರಿತು ನಮ್ಮ ವೈದ್ಯಮಿತ್ರರು ಬರೆಯುತ್ತಾರೆ. ಈ ಸಲ ನಾನೂ ಹೃದಯದ ವಿಷಯವನ್ನೇ ಎತ್ತಿಕೊಂಡಿದ್ದೇನೆ. ಇ.ಸಿ.ಜಿ. ಯಂತ್ರಕ್ಕೆ ಸಿಕ್ಕದ ಹೃದಯ ಇದೆಂಬುದಷ್ಟೇ ವ್ಯತ್ಯಾಸ.

ಇದಕ್ಕೊಂದು ಕಾರಣವುಂಟು. ಕಳೆದ ರಾಜ್ಯೋತ್ಸವದ ಸಮಾರಂಭ ಮುಗಿದು ಕುರ್ಚಿಗಳನ್ನು ಜೋಡಿಸಿಡುತ್ತಿದ್ದಾಗ ನಮ್ಮ ಸಂಘದ ತರುಣ ಸದಸ್ಯರೊಬ್ಬರು ಹತ್ತಿರ ಬಂದು, ತಗ್ಗಿದ ದನಿಯಲ್ಲಿ, "ಸರ್, ಒಬ್ಬರ ಮೇಲೆ ಮನಸ್ಸಾದರೆ ಅದನ್ನು ಮರ್ಯಾದೆಯಿಂದ ತಿಳಿಸುವುದು ಹೇಗೆ?" ಎಂದು ಕೇಳಿದರು. ಒಳ್ಳೆಯ ಕೆಲಸದಲ್ಲಿರುವ, ಸಾಲದ ಕಂತುಗಳ ಲೆಕ್ಕವನ್ನು ಬಾಯಲ್ಲೇ ಮಾಡಬಲ್ಲ ಯುವಕ. ನನ್ನಲ್ಲಿ ಉತ್ತರವಿರಲಿಲ್ಲ. ಊರಿನಲ್ಲಾದರೆ ಸೋದರಮಾವನೋ ಪುರೋಹಿತರೋ ಈ ಕೆಲಸವನ್ನು ನಡೆಸಿಕೊಡುತ್ತಿದ್ದರು. ಹೊರನಾಡಿನ ಮಹಾನಗರಗಳಲ್ಲಿ ಒಂಟಿಯಾಗಿ ದುಡಿಯುವ ನಮ್ಮ ಮಕ್ಕಳು ತಮ್ಮ ಸಂಗಾತಿಯನ್ನು ಎಷ್ಟೋ ಸಲ ತಾವೇ ಹುಡುಕಿಕೊಳ್ಳಬೇಕಾಗಿದೆ. ಅವರಿಗೆ ನಾವು ಎಲ್ಲವನ್ನೂ ಕಲಿಸಿದ್ದೇವೆ, ಇದೊಂದನ್ನು ಬಿಟ್ಟು. ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರವೇ ಈ ಲೇಖನ.

ಹಿಂದಿನವರ ಕ್ರಮ

ಅನುರಾಗವನ್ನು ಸೂಚಿಸುವ ಕಲೆ ಪಶ್ಚಿಮದಿಂದ ಬಂದದ್ದೆಂದು ಹಿರಿಯರು ಕೆಲವರು ತಿಳಿದಿದ್ದಾರೆ. ನಮ್ಮ ಸಾಹಿತ್ಯದ ಪರಿಚಯವುಳ್ಳವರು ಈ ಮಾತನ್ನು ಒಪ್ಪಲಾರರು. ಕಾಳಿದಾಸನ ಶಕುಂತಲೆ ದುಷ್ಯಂತನನ್ನು ಬಿಟ್ಟುಹೋಗುವಾಗ ಕಾಲಿಗೆ ದರ್ಭೆ ಚುಚ್ಚಿತೆಂದೂ ನಾರುಡೆ ಗಿಡದ ಕೊಂಬೆಗೆ ಸಿಕ್ಕಿತೆಂದೂ ನೆಪ ಮಾಡಿ ನಿಂತು ಹಿಂದಿರುಗಿ ನೋಡುತ್ತಾಳೆ. ಮೂರನೆಯ ಅಂಕದಲ್ಲಿ ಸಖಿಯ ಸಲಹೆಯಂತೆ ತಾವರೆಯೆಲೆಯ ಮೇಲೆ ಉಗುರಿನಿಂದ ಓಲೆ ಬರೆಯುತ್ತಾಳೆ. ರುಕ್ಮಿಣಿ ಬ್ರಾಹ್ಮಣನೊಬ್ಬನ ಕೈಯಲ್ಲಿ ಕೃಷ್ಣನಿಗೆ ಸಂದೇಶ ಕಳುಹಿಸಿದಳು; ನಳದಮಯಂತಿಯರ ನಡುವೆ ಹಂಸವೇ ದೂತನಾಯಿತು.

ವಾತ್ಸ್ಯಾಯನನ ಕಾಮಸೂತ್ರವೆಂದರೆ ಮುಚ್ಚಿಟ್ಟು ಓದುವ ಪುಸ್ತಕವೆಂಬ ಭಾವನೆ ನಮ್ಮಲ್ಲಿದೆ. ಅದರ ಒಂದು ಅಧಿಕರಣದಲ್ಲಿ ಕನ್ಯೆಯ ವಿಶ್ವಾಸವನ್ನು ಗಳಿಸುವ ಬಗೆಯ ವಿವರಣೆಯಿದೆ. ಮನಸ್ಸಾದವಳು ನೇರವಾಗಿ ನೋಡುವುದಿಲ್ಲ. ಆತ ಬೇರೆಡೆ ನೋಡುವಾಗ ನೋಡುತ್ತಾಳೆ. ತಲೆತಗ್ಗಿಸಿ ತಡವರಿಸುತ್ತ ಉತ್ತರಿಸುತ್ತಾಳೆ. ಹೀಗೆ ಇಂಗಿತಗಳ ಪಟ್ಟಿಯನ್ನೇ ಆತ ಕೊಡುತ್ತಾನೆ. ಅದಕ್ಕಿಂತ ಮುಖ್ಯವಾದದ್ದು ಆತನ ಎಚ್ಚರಿಕೆ. ಸ್ತ್ರೀಯರು ಹೂವಿನಂತೆ ಸುಕುಮಾರರು, ವಿಶ್ವಾಸ ಹುಟ್ಟುವ ಮೊದಲೇ ಬಲವಂತದಿಂದ ಸಮೀಪಿಸಿದರೆ ದ್ವೇಷವೇ ಫಲ ಎಂಬ ಅಭಿಪ್ರಾಯವನ್ನು ಆತ ಸ್ಪಷ್ಟವಾಗಿ ಹೇಳಿದ್ದಾನೆ.

ಹೇಳದೆ ಉಳಿಯುವುದರ ಅಪಾಯಕ್ಕೆ ಬಾಣಭಟ್ಟನ ಕಾದಂಬರಿಯಲ್ಲಿ ನಿದರ್ಶನವಿದೆ. ಅದನ್ನು ನಾಗವರ್ಮನು ಚಂಪೂರೂಪದಲ್ಲಿ ಕನ್ನಡಕ್ಕೆ ತಂದಿರುವನು. ಪುಂಡರೀಕನೆಂಬ ಮುನಿಕುಮಾರನಿಗೆ ಮಹಾಶ್ವೇತೆಯನ್ನು ಕಂಡು ಕೈಯಲ್ಲಿದ್ದ ಜಪಮಾಲೆ ಜಾರುತ್ತದೆ. ಅದನ್ನವಳು ಕೊರಳಲ್ಲಿ ಧರಿಸುತ್ತಾಳೆ. ಆತ ಮಾಲೆಯನ್ನು ಮರಳಿ ಬೇಡಿದಾಗ ತನ್ನ ಮುತ್ತಿನ ಸರವನ್ನು ತೆಗೆದು ಕೊಡುತ್ತಾಳೆ. ಅವಳ ಮುಖವನ್ನೇ ನೋಡುತ್ತಿದ್ದ ಆತನಿಗೆ ಅದು ತನ್ನ ಮಾಲೆಯಲ್ಲವೆಂಬುದರ ಪರಿವೆಯೇ ಇಲ್ಲ. ಇಬ್ಬರ ಮನಸ್ಸೂ ಒಂದೇ. ಆದರೂ ಸಂಕೋಚ ಅವರನ್ನು ಅಗಲಿಸಿತು. ಕೊನೆಗೆ ಅವಳು ಮನಸ್ಸು ಗಟ್ಟಿಮಾಡಿ ಬರುವಷ್ಟರಲ್ಲಿ ಆತನ ಪ್ರಾಣ ಹೋಗಿತ್ತು.

ಐದು ಬಗೆಯ ಜನ

ಇಂದಿನ ಸಂಶೋಧಕರೂ ಈ ವಿಷಯವನ್ನು ಕೈಬಿಟ್ಟಿಲ್ಲ. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜೆಫ್ರಿ ಹಾಲ್ ಮತ್ತು ಅವರ ಸಂಗಡಿಗರು ಐದು ಸಾವಿರಕ್ಕೂ ಹೆಚ್ಚು ಮಂದಿಯನ್ನು ಪ್ರಶ್ನಿಸಿ, 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಲವನ್ನು ಸೂಚಿಸುವ ಐದು ಶೈಲಿಗಳನ್ನು ಗುರುತಿಸಿದ್ದಾರೆ.

ಮೊದಲನೆಯದು ದೈಹಿಕ ಶೈಲಿ. ಕಣ್ಣು, ಭಂಗಿ, ಸಾಮೀಪ್ಯಗಳಿಂದಲೇ ಇವರು ತಮ್ಮ ಆಕರ್ಷಣೆಯನ್ನು ತಿಳಿಸಬಲ್ಲರು. ಇವರ ಸಂಬಂಧಗಳು ಬೇಗನೆ ಬೆಳೆಯುತ್ತವೆ. ಎರಡನೆಯದು ಸಾಂಪ್ರದಾಯಿಕ ಶೈಲಿ. ಗಂಡೇ ಮೊದಲ ಹೆಜ್ಜೆಯಿಡಬೇಕು, ಹೆಣ್ಣು ಕಾದಿರಬೇಕು ಎಂಬುದು ಇವರ ನಂಬಿಕೆ. ಹೀಗೆ ಕಾಯುವ ಹೆಂಗಸರು ತಮಗೆ ಮೆಚ್ಚುಗೆಯಾದವರ ಗಮನ ಸೆಳೆಯಲಾರದೆ ಹೋಗುವುದುಂಟು. ಮೂರನೆಯದು ವಿನಯದ ಶೈಲಿ. ಇವರ ಶಿಷ್ಟಾಚಾರ ಎಷ್ಟೆಂದರೆ ಎದುರಿಗಿರುವವರಿಗೆ ಇವರ ಮನಸ್ಸು ತಿಳಿಯುವುದೇ ಕಷ್ಟ. ನಾಲ್ಕನೆಯದು ಪ್ರಾಂಜಲ ಶೈಲಿ. ಇವರು ಪ್ರಶ್ನೆ ಕೇಳುತ್ತಾರೆ, ಉತ್ತರವನ್ನು ಗಮನವಿಟ್ಟು ಆಲಿಸುತ್ತಾರೆ, ತಮ್ಮದನ್ನೂ ಹೇಳಿಕೊಳ್ಳುತ್ತಾರೆ. ಐದನೆಯದು ವಿನೋದದ ಶೈಲಿ. ಇವರಿಗೆ ಸಲ್ಲಾಪವೇ ಒಂದು ಆಟ. ಮದುವೆಯ ಯೋಚನೆ ಇವರಿಗಿರಬೇಕೆಂದೇನೂ ಇಲ್ಲ. ತಮ್ಮನ್ನು ಇನ್ನೊಬ್ಬರು ಮೆಚ್ಚಿದರೆಂಬ ಸಂತೋಷವೇ ಸಾಕಾಗುತ್ತದೆ.

ಒಬ್ಬರಲ್ಲಿ ಒಂದೇ ಶೈಲಿ ಇರುತ್ತದೆಂದು ತಿಳಿಯಬೇಕಾಗಿಲ್ಲ, ಹಲವು ಬೆರೆತಿರುತ್ತವೆ. ತೊಡಕು ಬರುವುದು ಭಿನ್ನ ಶೈಲಿಯವರಿಬ್ಬರು ಎದುರಾದಾಗ. ವಿನೋದಶೀಲರ ಒಂದು ಹಾಸ್ಯದ ಮಾತನ್ನು ಪ್ರಾಂಜಲ ಸ್ವಭಾವದವರು ಜೀವಮಾನದ ವಾಗ್ದಾನವೆಂದು ಭಾವಿಸಬಹುದು. ವಿನಯಶೀಲರ ಆಳವಾದ ಒಲವು ಬರಿಯ ಸೌಜನ್ಯವೆಂದು ಕಂಡು ವ್ಯರ್ಥವಾಗಬಹುದು.

ನಾನು ಮಾಡಿದ ತಪ್ಪು

ಇಂಗಿತಜ್ಞಾನದಲ್ಲಿ ನಾವೆಲ್ಲರೂ ಎಷ್ಟು ದುರ್ಬಲರೆಂಬುದನ್ನು ಅದೇ ಪ್ರಾಧ್ಯಾಪಕರ ತಂಡ 2014ರಲ್ಲಿ ತೋರಿಸಿತು. ಪರಸ್ಪರ ಪರಿಚಯವಿಲ್ಲದ ವಿದ್ಯಾರ್ಥಿ ವಿದ್ಯಾರ್ಥಿನಿಯರ 52 ಜೋಡಿಗಳನ್ನು ಸುಮಾರು ಹತ್ತು ಹನ್ನೆರಡು ನಿಮಿಷ ಮಾತನಾಡಲು ಬಿಟ್ಟು, ಆಮೇಲೆ ಪ್ರತ್ಯೇಕವಾಗಿ ವಿಚಾರಿಸಲಾಯಿತು. ಎದುರಿಗಿದ್ದವರಿಗೆ ಅಂಥ ಉದ್ದೇಶವಿಲ್ಲದಿದ್ದಾಗ ಅದನ್ನು ಶೇಕಡಾ 80ಕ್ಕೂ ಹೆಚ್ಚು ಮಂದಿ ಸರಿಯಾಗಿ ಊಹಿಸಿದರು. ನಿಜವಾಗಿ ಒಲವು ತೋರಿದಾಗ ಅದನ್ನು ಗುರುತಿಸಿದವರು ಗಂಡಸರಲ್ಲಿ ಶೇಕಡಾ 36, ಹೆಂಗಸರಲ್ಲಿ ಶೇಕಡಾ 18 ಮಾತ್ರ. ಇದಕ್ಕೂ ಬಹಳ ಮೊದಲು, 1982ರಲ್ಲಿ, ಆಂಟೋನಿಯಾ ಆಬ್ಬಿ ಎಂಬ ಸಂಶೋಧಕಿ ಇನ್ನೊಂದು ಅಂಶವನ್ನು ಕಂಡುಕೊಂಡಿದ್ದರು: ಹೆಂಗಸರ ಸಹಜ ಸ್ನೇಹಪರತೆಯಲ್ಲಿ ಗಂಡಸರು ಇಲ್ಲದ ಆಸಕ್ತಿಯನ್ನು ಕಾಣುವುದು ಹೆಚ್ಚು.

ಈ ಎರಡನೆಯ ಮಾತಿಗೆ ನಾನೇ ಸಾಕ್ಷಿ. ಮುಂಬಯಿಗೆ ಬಂದ ಹೊಸತು, ವಯಸ್ಸು ಇಪ್ಪತ್ತನಾಲ್ಕು. ಡೊಂಬಿವಲಿಯಿಂದ ಬೆಳಿಗ್ಗೆ ನಾನು ಹಿಡಿಯುತ್ತಿದ್ದ ಲೋಕಲ್ ಗಾಡಿಗೆ ನಮ್ಮ ಕಚೇರಿಯ ಸಹೋದ್ಯೋಗಿಯೊಬ್ಬರೂ ಬರುತ್ತಿದ್ದರು. ನಮ್ಮ ಕಡೆಯವರೇ. ಪ್ಲಾಟ್‌ಫಾರ್ಮಿನಲ್ಲಿ ಕಂಡೊಡನೆ ನಗುತ್ತಿದ್ದರು, ಗಾಡಿ ಬರುವವರೆಗೆ ನಿಂತು ಮಾತನಾಡುತ್ತಿದ್ದರು. ಮರಾಠಿ ಹಿಂದಿಗಳ ಗದ್ದಲದಲ್ಲಿ ಕನ್ನಡದ ಮಾತು ಕಿವಿಗೆ ಬಿದ್ದರೆ ಎಷ್ಟು ಹಿತವೆಂಬುದು ಹೊರನಾಡಿನ ವಾಚಕರಿಗೆ ಹೇಳಬೇಕಾದದ್ದಲ್ಲ. ಆಕೆಗೆ ಸಂತೋಷವಾದದ್ದು ಕನ್ನಡವನ್ನು ಕೇಳಿ. ನನ್ನನ್ನು ಕಂಡು ಸಂತೋಷವಾಯಿತೆಂದು ನಾನು ತಿಳಿದೆ.

ನಾನು ದಿನವೂ ಮೊದಲೇ ಬಂದು ಕಾಯತೊಡಗಿದೆ. ಸಂಜೆಯೂ ಅದೇ ಗಾಡಿ ಹಿಡಿಯತೊಡಗಿದೆ. ಆಕೆಯ ಮಾತು ಕಡಿಮೆಯಾಯಿತು. ಅದನ್ನು ಲಜ್ಜೆಯೆಂದು ಅರ್ಥಮಾಡಿದೆ. ಒಂದು ಶನಿವಾರ ಕನ್ನಡ ನಾಟಕವೊಂದಕ್ಕೆ ಎರಡು ಟಿಕೆಟು ಕೊಂಡು, ಒಂದನ್ನು, ಬರುವಿರಾ ಎಂದು ಕೂಡ ಕೇಳದೆ, ಕೈಗಿತ್ತೆ. ಆಕೆ ಏನೂ ಹೇಳಲಿಲ್ಲ. ನಾಟಕದಲ್ಲಿ ನನ್ನ ಪಕ್ಕದ ಕುರ್ಚಿ ಕೊನೆಯವರೆಗೂ ಖಾಲಿಯಾಗಿತ್ತು. ಮುಂದಿನ ವಾರದಿಂದ ಪ್ಲಾಟ್‌ಫಾರ್ಮಿನಲ್ಲಿ ಆಕೆಯ ಸುಳಿವಿಲ್ಲ. ತಿಂಗಳ ಮೇಲೆ ಸ್ನೇಹಿತರೊಬ್ಬರಿಂದ ವಿಷಯ ತಿಳಿಯಿತು. ನನ್ನನ್ನು ತಪ್ಪಿಸಲೆಂದೇ ಆಕೆ ದಿನವೂ ಅರ್ಧಗಂಟೆ ಮೊದಲು ಮನೆ ಬಿಡುತ್ತಿದ್ದರು. ನಾನು ಒರಟು ಮಾತಾಡಲಿಲ್ಲ, ಕೈ ಮುಟ್ಟಲಿಲ್ಲ. ಆದರೂ ನನ್ನ ತಪ್ಪು ತಿಳಿವಳಿಕೆಗಾಗಿ ಒಬ್ಬ ಹೆಣ್ಣುಮಗಳು ತನ್ನ ಗಾಡಿಯನ್ನೇ ಬದಲಾಯಿಸಬೇಕಾಯಿತು. ನಾಲ್ಕು ಸಾಲಿನ ಕ್ಷಮಾಪಣೆ ಬರೆದು ಕಳುಹಿಸಿದೆ. ಅದಕ್ಕೆ ಉತ್ತರ ಬರಲಿಲ್ಲ; ಬರಬೇಕಾಗಿಯೂ ಇರಲಿಲ್ಲ. ಈಗ ನನ್ನ ಮಗಳು ಕಾಲೇಜಿಗೆ ಲೋಕಲಿನಲ್ಲಿ ಹೋಗುತ್ತಾಳೆ. ಎಂದಾದರೂ ಆಕೆ ಕಾರಣ ಹೇಳದೆ ಅರ್ಧಗಂಟೆ ಮೊದಲು ಹೊರಟರೆ ನನಗೆ ಆ ಪ್ಲಾಟ್‌ಫಾರ್ಮು ನೆನಪಾಗುತ್ತದೆ.

ಮೌನ ಸಮ್ಮತಿಯಲ್ಲ

ವಾಣಿಜ್ಯ ಪದವಿಗೆ ಓದಿದವರೆಲ್ಲರೂ 1872ರ ಭಾರತೀಯ ಕರಾರು ಕಾಯಿದೆಯನ್ನು ಬಾಯಿಪಾಠ ಮಾಡಿದವರೇ. ಪ್ರಸ್ತಾವ, ಸ್ವೀಕೃತಿ, ಮುಕ್ತ ಸಮ್ಮತಿ ಎಂಬ ಪದಗಳು ನನಗೆ ನೆನಪಿದ್ದವು. ಬೇಕಾದ ಸಮಯದಲ್ಲಿ ಉಪಯೋಗಕ್ಕೆ ಬರಲಿಲ್ಲ. ಒಲವು ವ್ಯಾಪಾರವಲ್ಲ, ನಿಜ. ಆದರೂ ಆ ಕಾಯಿದೆಯಿಂದ ಪ್ರೇಮಿಗಳು ಮೂರು ಪಾಠ ಕಲಿಯಬಹುದು.

ಸ್ವೀಕೃತಿಯು ಪೂರ್ಣವೂ ನಿಶ್ಶರ್ತವೂ ಆಗಿರಬೇಕೆಂಬುದು ಏಳನೆಯ ಕಲಮು. 1862ರಲ್ಲಿ ತೀರ್ಮಾನವಾದ ಇಂಗ್ಲೆಂಡಿನ ಒಂದು ಪ್ರಸಿದ್ಧ ಮೊಕದ್ದಮೆಯಲ್ಲಿ, ಸೋದರಳಿಯನ ಕುದುರೆಯನ್ನು ಕೊಳ್ಳಬಯಸಿದ ಫೆಲ್ಟ್‌ಹೌಸ್ ಎಂಬಾತ, ನಿನ್ನಿಂದ ಉತ್ತರ ಬಾರದಿದ್ದರೆ ಕುದುರೆ ನನ್ನದೆಂದು ತಿಳಿಯುತ್ತೇನೆ ಎಂಬರ್ಥದ ಕಾಗದ ಬರೆದ. ಉತ್ತರ ಬರಲಿಲ್ಲ. ಮೌನವು ಸ್ವೀಕೃತಿಯಾಗದೆಂದು ನ್ಯಾಯಾಲಯ ತೀರ್ಪಿತ್ತಿತು. ಒಂದು ಕುದುರೆಯ ವಿಷಯದಲ್ಲೇ ಮೌನ ಸಾಲದಾದರೆ ಒಬ್ಬ ವ್ಯಕ್ತಿಯ ಬಾಳಿನ ವಿಷಯದಲ್ಲಿ ಸಾಲುವುದೆ? ಎರಡನೆಯ ಪಾಠ, ಹದಿನಾಲ್ಕನೆಯ ಕಲಮಿನ ಮುಕ್ತ ಸಮ್ಮತಿ. ಮೂರನೆಯದು ಹದಿನಾರನೆಯ ಕಲಮು ಹೇಳುವ ಅನುಚಿತ ಪ್ರಭಾವ. ಮೇಲಧಿಕಾರಿಯ ಆಮಂತ್ರಣಕ್ಕೆ ಕೈಕೆಳಗಿನವರು ಹೂಗುಟ್ಟಿದರೆ ಅದರ ಹಿಂದಿರುವುದು ಇಷ್ಟವೋ ಭಯವೋ ಎಂಬುದನ್ನು ಅಧಿಕಾರದಲ್ಲಿರುವವನೇ ವಿಚಾರಿಸಿಕೊಳ್ಳಬೇಕು.

ಇಂದು ಇದಕ್ಕೆ ನೇರವಾದ ಕಾನೂನುಗಳೇ ಇವೆ. ಹತ್ತು ಅಥವಾ ಹೆಚ್ಚು ಮಂದಿ ನೌಕರರಿರುವ ಪ್ರತಿಯೊಂದು ಕಡೆಯಲ್ಲೂ ಮಹಿಳೆಯರ ದೂರುಗಳಿಗಾಗಿ ಆಂತರಿಕ ಸಮಿತಿ ಇರಬೇಕೆಂದು 2013ರ ಕಾಯಿದೆ ವಿಧಿಸುತ್ತದೆ. ಒಬ್ಬ ಮಹಿಳೆ ನಿರಾಸಕ್ತಿಯನ್ನು ಸ್ಪಷ್ಟವಾಗಿ ತೋರಿದ ಮೇಲೂ ಪದೇ ಪದೇ ಬೆನ್ನಟ್ಟುವುದು, ಸಂಪರ್ಕಿಸಲು ಯತ್ನಿಸುವುದು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮಿನಂತೆ ಅಪರಾಧ. ಮೊದಲ ಸಲಕ್ಕೇ ಮೂರು ವರ್ಷಗಳವರೆಗೆ ಶಿಕ್ಷೆಯಾಗಬಹುದು. ಹಟ ಬಿಡದೆ ಹಿಂಬಾಲಿಸಿದರೆ ಹೆಣ್ಣು ಒಲಿಯುವಳೆಂದು ಕಲಿಸಿದ ಚಲನಚಿತ್ರಗಳನ್ನು ನೋಡಿ ಬೆಳೆದ ನಮ್ಮ ಪೀಳಿಗೆಯವರು ಇದನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು.

ಎದೆಬಡಿತವನ್ನು ನಂಬಬಹುದೆ?

ಆಕೆಯನ್ನು ಕಂಡರೆ ಎದೆ ಬಡಿದುಕೊಳ್ಳುತ್ತದೆ, ಆದುದರಿಂದ ಇದು ಪ್ರೇಮವೇ ಎಂದು ವಾದಿಸುವವರುಂಟು. 1974ರಲ್ಲಿ ಡಟನ್ ಮತ್ತು ಆರನ್ ಎಂಬ ವಿಜ್ಞಾನಿಗಳು ಕೆನಡದ ಕಪಿಲಾನೋ ಕಣಿವೆಯಲ್ಲಿ ಇದನ್ನು ಪರೀಕ್ಷಿಸಿದರು. ತೂಗಾಡುವ ಎತ್ತರದ ಸೇತುವೆಯ ಮೇಲೆ ಭೇಟಿಯಾದ ತರುಣಿಗೆ ಅನಂತರ ದೂರವಾಣಿ ಮಾಡಿದ ಗಂಡಸರ ಪ್ರಮಾಣ, ತಗ್ಗಾದ ಭದ್ರ ಸೇತುವೆಯ ಮೇಲೆ ಭೇಟಿಯಾದವರದಕ್ಕಿಂತ ಬಹಳ ಹೆಚ್ಚಾಗಿತ್ತು. ಭಯದಿಂದ ಹುಟ್ಟಿದ ಎದೆಬಡಿತವನ್ನು ಮನಸ್ಸು ಆಕರ್ಷಣೆಯೆಂದು ಭ್ರಮಿಸಿರಬೇಕೆಂಬುದು ಅವರ ವಿವರಣೆ. ಭಯದಲ್ಲೂ ಅನುರಾಗದಲ್ಲೂ ಅಡ್ರಿನಲಿನ್ ಏರುತ್ತದೆ, ಅಂಗೈ ಬೆವರುತ್ತದೆ. ದೇಹದ ಈ ಲಕ್ಷಣಗಳು ನಮ್ಮ ಮನಸ್ಸಿನ ವಿಷಯದಲ್ಲೇ ಖಚಿತ ಸಾಕ್ಷ್ಯವಲ್ಲ. ಎದುರಿನವರ ಮನಸ್ಸಿಗಂತೂ ಅಲ್ಲವೇ ಅಲ್ಲ.

ಹಾಗೆಂದು ಹೆದರಿ ಬಾಯಿ ಮುಚ್ಚಿ ಕುಳಿತರೂ ಆರೋಗ್ಯಕ್ಕೆ ಹಿತವಲ್ಲ. ಜಗತ್ತಿನ ಆರು ಮಂದಿಯಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ 2025ರ ವರದಿಯಲ್ಲಿ ತಿಳಿಸಿದೆ. ಹೃದ್ರೋಗ, ಪಾರ್ಶ್ವವಾಯು, ಖಿನ್ನತೆಗಳಿಗೂ ಅದಕ್ಕೂ ಸಂಬಂಧವುಂಟು.

ಕೆಲವು ಸೂಚನೆಗಳು

ಆ ತರುಣ ಮಿತ್ರರಿಗೂ ಅವರಂಥವರಿಗೂ ಅನುಭವದಿಂದ ಇಷ್ಟನ್ನು ಹೇಳಬಲ್ಲೆ:

1. ಮೊದಲು ಪರಿಚಯ, ಆಮೇಲೆ ಪ್ರಸ್ತಾವ. ಕೇಳುವುದನ್ನು ಕಲಿಯಿರಿ, ಅವರೂ ನಿಮ್ಮನ್ನು ಪ್ರಶ್ನಿಸುತ್ತಾರೆಯೇ ಎಂಬುದನ್ನು ಗಮನಿಸಿರಿ.

2. ಒಂದು ನಗೆಯಿಂದ ಏನನ್ನೂ ನಿರ್ಧರಿಸಬೇಡಿರಿ. ಕೌಂಟರಿನಲ್ಲಿ ಕುಳಿತವರಿಗೆ ನಗುವುದು ಕೆಲಸದ ಒಂದು ಭಾಗ.

3. ಆಮಂತ್ರಣ ಚಿಕ್ಕದಾಗಿರಲಿ, ಸ್ಪಷ್ಟವಾಗಿರಲಿ, ನಿರಾಕರಿಸಲು ಸುಲಭವಾಗಿರಲಿ. "ನಿಮ್ಮೊಡನೆ ಒಂದು ಕಾಫಿ ಕುಡಿಯಬೇಕೆಂದು ಆಸೆ, ಬೇಡವೆನಿಸಿದರೆ ಸಂಕೋಚವಿಲ್ಲದೆ ಹೇಳಿ" ಎಂದರೆ ಸಾಕು.

4. ಹೌದೆಂಬ ಮಾತೊಂದೇ ಹೌದು. ಮೌನ, ನೆಪ, ಆಮೇಲೆ ನೋಡೋಣ ಎಂಬುದನ್ನು ಇಲ್ಲವೆಂದೇ ತಿಳಿಯಿರಿ. ಎರಡನೆಯ ಸಲ ಕೇಳಬೇಡಿರಿ.

5. ಇಲ್ಲವೆಂದವರೊಡನೆ ಮರುದಿನವೂ ಮೊದಲಿನ ಸೌಜನ್ಯದಿಂದಲೇ ವರ್ತಿಸಿರಿ. ಮನುಷ್ಯನ ಯೋಗ್ಯತೆ ಅಲ್ಲಿ ತಿಳಿಯುತ್ತದೆ.

6. ಹುಡುಗಿಯರೂ ಮೊದಲ ಮಾತನ್ನಾಡಬಹುದು. ರುಕ್ಮಿಣಿಯನ್ನು ಯಾರೂ ತಪ್ಪೆಣಿಸಲಿಲ್ಲ.

ಮದುವೆಯಾದವರಿಗೆ ಒಂದು ಮಾತು

ನನ್ನ ವಿವಾಹ ಹಿರಿಯರು ನೋಡಿ ನಿಶ್ಚಯಿಸಿದ್ದು. ಹೆಣ್ಣು ನೋಡುವ ಶಾಸ್ತ್ರದ ದಿನ ಅವಲಕ್ಕಿ ಕಾಫಿಗಳಾದ ಮೇಲೆ ನಮ್ಮಿಬ್ಬರಿಗೆ ಮಹಡಿಯ ಮೇಲೆ ಹತ್ತು ನಿಮಿಷದ ಅವಕಾಶ ಸಿಕ್ಕಿತು. ಹಿಂದಿನ ಅನುಭವದಿಂದ ಬೆದರಿದ್ದ ನಾನು, "ನಮ್ಮ ಡೊಂಬಿವಲಿಯ ಮನೆಗೆ ನೀರು ಬೆಳಗಿನ ಜಾವ ಐದಕ್ಕೆ ಬರುತ್ತದೆ, ಒಂದೇ ಗಂಟೆ. ಅಡಿಗೆಮನೆ ಇಷ್ಟೇ ಅಗಲ. ಇದಕ್ಕೆ ನಿಮ್ಮ ಒಪ್ಪಿಗೆ ಇದೆಯೆ? ಇಲ್ಲವಾದರೆ, ಬೇಡವೆಂದದ್ದು ನಾನೇ ಎಂದು ಹೇಳಿಬಿಡುತ್ತೇನೆ" ಎಂದೆ. ಆಕೆ ನಕ್ಕು, "ನೀರು ಹಿಡಿಯುವವರು ಯಾರು?" ಎಂದು ಕೇಳಿದಳು. "ಒಂದು ದಿನ ನೀವು, ಒಂದು ದಿನ ನಾನು" ಎಂದೆ. ಆ ಉತ್ತರಕ್ಕೇ ತಾನು ಒಪ್ಪಿದೆನೆಂದು ಆಕೆ ಈಗಲೂ ಹೇಳುತ್ತಾಳೆ. ಪ್ರಾಂಜಲ ಶೈಲಿಯೆಂದು ಅದಕ್ಕೊಂದು ಹೆಸರಿರುವುದು ನನಗೆ ಆಗ ತಿಳಿದಿರಲಿಲ್ಲ.

1942ರಲ್ಲಿ ಪ್ರಕಟವಾದ ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' ಕನ್ನಡಿಗರ ಮನೆಮನೆಗೂ ತಲುಪಲು ಒಂದು ಕಾರಣ, ಅದು ಮದುವೆಯಾದವರ ಪ್ರೇಮವನ್ನು ಹಾಡಿದ್ದು. ಒಲವನ್ನು ತಿಳಿಸುವುದು ತಾಳಿ ಕಟ್ಟುವವರೆಗಿನ ಕೆಲಸವೆಂದು ಭಾವಿಸಿ ಅನಂತರ ಸುಮ್ಮನಾಗುವ ದಂಪತಿಗಳು ನಮ್ಮಲ್ಲಿ ಬಹಳ ಮಂದಿ. ಖಾತೆ ತೆರೆದವರು ಆಗಾಗ ವ್ಯವಹಾರ ನಡೆಸದಿದ್ದರೆ ಅದು ನಿಷ್ಕ್ರಿಯವಾಗುತ್ತದೆಂದು ಬ್ಯಾಂಕಿನವನಾದ ನಾನು ಹೇಳಬಲ್ಲೆ.

ನಮ್ಮ ಮನೆಗೆ ಈಗ ನೀರು ಇಪ್ಪತ್ತನಾಲ್ಕು ಗಂಟೆಯೂ ಬರುತ್ತದೆ. ಆದರೂ ದಿನ ಬಿಟ್ಟು ದಿನ ಐದು ಗಂಟೆಗೆ ಎದ್ದು ನಾನೇ ಕಾಫಿ ಮಾಡುತ್ತೇನೆ. ಕರಾರು ಕರಾರೇ ತಾನೆ?