ತೂಬು ಎತ್ತುವ ಕೈ: ಪದವಿ, ಕೌಶಲ್ಯ, ನೀತಿ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ಶಾಂತಿಸಾಗರ ಎಂಬ ಹೆಸರೂ ಇದೆ. ಎರಡು ಗುಡ್ಡಗಳ ನಡುವೆ ಹರಿದ್ರಾ ಹೊಳೆಗೆ ಅಡ್ಡಲಾಗಿ ಏರಿ ಕಟ್ಟಿ ಮಾಡಿದ ಕೆರೆ ಇದು. ಏರಿ ತೀರಾ ಉದ್ದವಲ್ಲ, ಪೂರ್ತಿ ನೆಟ್ಟಗೂ ಇಲ್ಲ. ಆದರೂ ಶತಮಾನಗಳ ನೆರೆಯನ್ನು ತಡೆದು ನಿಂತಿದೆ ಎಂದು ಬ್ರಿಟಿಷರ ಕಾಲದ ಗ್ಯಾಸೆಟಿಯರ್ ದಾಖಲಿಸಿದೆ. ಕೆರೆಯ ಸುತ್ತಳತೆ 40 ಮೈಲಿ ಎಂದೂ ಅದರಲ್ಲಿದೆ. ಸಿದ್ದನಾಲೆ, ಬಸವನಾಲೆಗಳು ಇಲ್ಲಿಂದ ಅಚ್ಚುಕಟ್ಟಿಗೆ ನೀರು ಒಯ್ಯುತ್ತವೆ. ಚಿತ್ರದುರ್ಗ ನಗರಕ್ಕೂ ಇಲ್ಲಿಂದ ಕುಡಿಯುವ ನೀರು ಹೋಗುತ್ತದೆ.

ಕಾಲೇಜು ಕೆಲಸ ಕೊಡಿಸುವ ಕೌಶಲ್ಯ ಕಲಿಸಬೇಕೋ, ನೀತಿ ಕಲಿಸಬೇಕೋ ಎಂಬ ಚರ್ಚೆಯನ್ನು ಇಂಥ ಕೆರೆಯ ಏರಿಯ ಮೇಲೆ ನಿಂತು ನೋಡುವುದು ಒಳ್ಳೆಯದು.

ನೀರುಗಂಟಿಯ ಕಸುಬು

ನಮ್ಮ ಹಳೆಯ ಕೆರೆಗಳಲ್ಲಿ ನೀರು ಹಂಚುವವನು ನೀರುಗಂಟಿ. ತೂಬನ್ನು ಎಷ್ಟು ಎತ್ತಿದರೆ ಎಷ್ಟು ನೀರು ಹರಿದೀತು, ಯಾವ ಗದ್ದೆ ಎಷ್ಟು ಹೊತ್ತಿಗೆ ತುಂಬೀತು ಎಂಬುದು ಅವನಿಗೆ ಗೊತ್ತಿರಬೇಕು. ಅದು ಕೌಶಲ್ಯ. ತೂಬಿನ ಬುಡದಲ್ಲಿರುವ ದೊಡ್ಡ ಹಿಡುವಳಿದಾರನಿಗೂ ನಾಲೆಯ ತುದಿಯ ಬಡ ರೈತನಿಗೂ ಸರದಿ ತಪ್ಪದಂತೆ ನೋಡಿಕೊಳ್ಳುವುದು ನೀತಿ. ಎರಡರಲ್ಲಿ ಯಾವುದು ಕೈಕೊಟ್ಟರೂ ಒಣಗುವುದು ತುದಿಯ ಗದ್ದೆಯೇ.

ನೀತಿಗೊಂದು ಪೇಪರ್

ಇವತ್ತಿನ ಕಾಲೇಜು ಈ ನೀತಿಗೆ ಎಷ್ಟು ಜಾಗ ಕೊಟ್ಟಿದೆ? ದಾವಣಗೆರೆಯ ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜು 1951ರಲ್ಲಿ ಶುರುವಾಯಿತು. ಈಗ ಅದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಘಟಕ ಕಾಲೇಜು. ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ಬಿ.ಇ. ಪದವಿಗೆ ಒಟ್ಟು 160 ಕ್ರೆಡಿಟ್. ಮಾನವೀಯ ಮೌಲ್ಯಗಳ ಕೋರ್ಸಿಗೆ 1, ಸಾಮಾಜಿಕ ಹೊಣೆಗಾರಿಕೆಯ ಕೋರ್ಸಿಗೆ 1.

ಈ ಪಾಲನ್ನು ಹೆಚ್ಚಿಸಿದರೆ ಸಾಕೆ? ಸಾಲದು. ಮೌಲ್ಯದ ಪೇಪರಿನಲ್ಲಿ ಪ್ರಾಮಾಣಿಕತೆಯ ಬಗ್ಗೆ ಎರಡು ಪುಟ ಬರೆದ ಹುಡುಗನೇ ಮರುದಿನ ಸೀನಿಯರ್ ಕೊಟ್ಟ ಲ್ಯಾಬ್ ರೆಕಾರ್ಡ್ ನೋಡಿಕೊಂಡು ಅಂಕಿಗಳನ್ನು ಇಳಿಸಿಕೊಳ್ಳಬಹುದು. ಕಾಲೇಜಿನ ಆಚೆಗೂ ಇದೇ ಕತೆ. ರಾಜ್ಯದಲ್ಲಿ 2021ರಲ್ಲಿ ನಡೆದ 545 ಪೊಲೀಸ್ ಸಬ್ ಇನ್ಸ್‌ಪೆಕ್ಟರ್ (ಪಿಎಸ್ಐ) ಹುದ್ದೆಗಳ ಪರೀಕ್ಷೆ ಬ್ಲೂಟೂತ್ ಮತ್ತು ಓಎಂಆರ್ ಅಕ್ರಮಗಳಿಂದಾಗಿ 2022ರಲ್ಲಿ ರದ್ದಾಯಿತು. ಆ ಹುದ್ದೆಗೆ ಅರ್ಜಿ ಹಾಕಲು ಪದವಿ ಆಗಿರಲೇಬೇಕಿತ್ತು.

ಹಾಗೆಂದು ಒಳ್ಳೆಯತನವೊಂದೇ ಇದ್ದರೂ ನಡೆಯದು. ಲಂಚ ಮುಟ್ಟದ, ಆದರೆ ಮಣ್ಣಿನ ಗುಣ ತಿಳಿಯದ ಇಂಜಿನಿಯರ್ ಕೆರೆಯ ಏರಿಗೆ ಅಪಾಯವೇ. ತಿಳಿಯದ್ದಕ್ಕೆ ಸಹಿ ಹಾಕದಿರುವುದು ಯಾವ ಕಸುಬಿಗೂ ಮೊದಲ ನೀತಿ.

ಸರ್ವೆಯಲ್ಲಿ ಉಳಿಯುವ ತಪ್ಪು

ಸಿವಿಲ್ ವಿದ್ಯಾರ್ಥಿಗಳ ಸರ್ವೆ ಪಾಠವನ್ನೇ ನೋಡಿ. ಒಂದು ಬಿಂದುವಿನಿಂದ ಹೊರಟು ಸುತ್ತ ಅಳೆಯುತ್ತಾ ಅದೇ ಬಿಂದುವಿಗೆ ಮರಳಬೇಕು. ಲೆಕ್ಕ ಹಾಕಿದಾಗ ಒಂದಿಷ್ಟು ವ್ಯತ್ಯಾಸ ಉಳಿದೇ ಉಳಿಯುತ್ತದೆ. ಅದು ಮಿತಿಯೊಳಗಿದ್ದರೆ ನಿಯಮದಂತೆ ಹಂಚಬಹುದು. ಮೀರಿದರೆ ಮತ್ತೆ ಅಳೆಯಬೇಕು. ಬಿಸಿಲಲ್ಲಿ ಮತ್ತೆ ಹೋಗುವವರು ಯಾರು? ರೀಡಿಂಗನ್ನೇ ತಿದ್ದಿ ಲೆಕ್ಕ ಕೂಡಿಸಿಬಿಡುವುದು ಸುಲಭ. ಕ್ಯಾಂಪಸ್ಸಿನಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ.

ಅದೇ ಚಾಳಿ ಕೆರೆಯಂಗಳಕ್ಕೆ ಬಂದರೆ? ಸೂಳೆಕೆರೆಯ ಗಡಿ ಗುರುತಿಸಿ ಒತ್ತುವರಿ ತೆರವು ಮಾಡಬೇಕೆಂಬ ಕೂಗು ಹಳೆಯದು. ಗಡಿಯಲ್ಲಿ ಅಡಿಕೆ ತೋಟ ಎದ್ದಿದೆ, ಬಾಂದುಕಲ್ಲು ಕಾಣುತ್ತಿಲ್ಲ ಎಂದುಕೊಳ್ಳಿ. ನಕಾಶೆ ಒಂದು ಹೇಳುತ್ತದೆ, ಟೋಟಲ್ ಸ್ಟೇಷನ್ ಎಂಬ ಅಳತೆ ಯಂತ್ರ ಇನ್ನೊಂದು ತೋರಿಸುತ್ತದೆ, ತೋಟದವರು ಬೇರೆಯೇ ಹೇಳುತ್ತಾರೆ. ತಿದ್ದಿದ ಒಂದು ಅಂಕಿಯಿಂದ ಕೆರೆ ಜಾಗ ಕಳೆದುಕೊಳ್ಳಬಹುದು, ಇಲ್ಲವೇ ರೈತನ ಸ್ವಂತ ಹಿಡುವಳಿ ಹೋಗಬಹುದು.

ಕಾಲೇಜು ಏನು ಮಾಡಬಹುದು?

ಸರಿಯುತ್ತರಕ್ಕೆ ಮಾತ್ರ ಅಂಕ ಕೊಟ್ಟರೆ ಮಕ್ಕಳು ಸರಿಯುತ್ತರವನ್ನು ತಯಾರಿಸುತ್ತಾರೆ. ಅದರ ಬದಲು ಉಳಿದ ತಪ್ಪನ್ನು ಇದ್ದಂತೆಯೇ ಬರೆದು, ಕಾರಣ ಹುಡುಕಿದವರಿಗೆ ಅಂಕ ಇರಲಿ. ಫೀಲ್ಡ್ ಬುಕ್ಕಿನ ಕೊನೆಯಲ್ಲಿ “ಈ ಅಳತೆ ತಪ್ಪಾದರೆ ಯಾರಿಗೆ ನಷ್ಟ?” ಎಂಬ ಪ್ರಶ್ನೆಗೂ ಉತ್ತರ ಬರೆಸಲಿ. ವಾಣಿಜ್ಯ ಓದುವವರಿಗೆ ಅಡಿಕೆ ಮಾರಾಟದ ಲೆಕ್ಕ ಕಲಿಸುವಾಗ ತೂಕ, ದರ, ಕಡಿತಗಳನ್ನು ಬೆಳೆಗಾರನಿಗೆ ಅರ್ಥವಾಗುವಂತೆ ಬಿಲ್ಲಿನಲ್ಲಿ ಕಾಣಿಸುವುದೂ ಪಾಠದ ಭಾಗವಾಗಲಿ. ಇದಕ್ಕೆ ಹೊಸ ಪೇಪರೂ ಬೇಡ, ಹೆಚ್ಚಿನ ಕ್ರೆಡಿಟ್ಟೂ ಬೇಡ. ಅಂಕ ಕೊಡುವ ಮೇಷ್ಟ್ರು ತಿದ್ದಿದ ರೀಡಿಂಗನ್ನು ಗುರುತಿಸಿ, ಮತ್ತೆ ಅಳೆದು ಬನ್ನಿ ಎಂದು ಕಳಿಸಬೇಕು, ಅಷ್ಟೇ.