ಗೋಡೆಯಲ್ಲಿ ಸ್ಕ್ರೂ ನಿಲ್ಲುವುದು ಹೇಗೆ?

ಹಾಸನದ ಚಳಿಗೆ ಈಗ ಬಾಡಿಗೆ ಮನೆಗಳಲ್ಲೂ ಗೀಸರ್ ಬಂದಿದೆ. 25 ಲೀಟರಿನ ಗೀಸರ್ ತುಂಬಿದರೆ ನೀರೇ 25 ಕೆ.ಜಿ., ಟ್ಯಾಂಕಿನ ತೂಕ ಬೇರೆ. ಇಷ್ಟೂ ಭಾರ ಸ್ನಾನ ಮಾಡುವವರ ತಲೆಯ ಮೇಲೆ ಒಂದೆರಡು ಬೋಲ್ಟುಗಳಲ್ಲಿ ನೇತಾಡುತ್ತದೆ. ಅಂಗಡಿಯಲ್ಲಿ ನಾವು ಸ್ಟಾರ್, ವಾರಂಟಿ, ಡಿಸ್ಕೌಂಟ್ ಕೇಳುತ್ತೇವೆ. ಬೋಲ್ಟಿನ ವಿಷಯ ಯಾರೂ ಕೇಳುವುದಿಲ್ಲ.

ಮರದ ನಾರು ಸರಿದು ಸ್ಕ್ರೂಗೆ ಜಾಗ ಕೊಡುತ್ತದೆ. ಕಾಂಕ್ರೀಟ್ ಹಾಗಲ್ಲ, ಪುಡಿಯಾಗುತ್ತದೆ. ಅದಕ್ಕೇ ಹಿಂದೆ ಗೋಡೆಯಲ್ಲಿ ಮರದ ತುಂಡು ಹೂತು ಅದಕ್ಕೆ ಸ್ಕ್ರೂ ಹಾಕುತ್ತಿದ್ದರು. ಸುಮಾರು 1911ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಗೋಡೆ ಹಾಳಾಗದಂತೆ ವಿದ್ಯುತ್ ಉಪಕರಣ ಕೂರಿಸಬೇಕಾಗಿ ಬಂದಾಗ ಜಾನ್ ರಾಲಿಂಗ್ಸ್ ಎಂಬವರು ಸೆಣಬಿನ ನಾರಿನ ಪ್ಲಗ್ ಮಾಡಿದರು. ‘ರಾಲ್ ಪ್ಲಗ್’ ಎಂಬ ಹೆಸರು ಬಂದದ್ದು ಅವರಿಂದಲೇ. 1958ರಲ್ಲಿ ಜರ್ಮನಿಯ ಆರ್ಟುರ್ ಫಿಷರ್ ಪ್ಲಾಸ್ಟಿಕ್ ಪ್ಲಗ್ ತಂದರು. ನಮ್ಮ ಮನೆಯ ಉರ್ದುವಿನಲ್ಲಿ ಇದು ‘ಗಿಟ್ಟಿ’. ಸ್ಕ್ರೂ ಒಳಗೆ ಹೋದಂತೆ ಗಿಟ್ಟಿ ಹಿಗ್ಗಿ ತೂತಿನ ಬದಿಯನ್ನು ಒತ್ತಿ ಹಿಡಿಯುತ್ತದೆ.

ಗಡಿಯಾರ, ಫೋಟೋಗೆ ಗಿಟ್ಟಿ ಸಾಕು. ಗೀಸರಿಗೆ ಕಬ್ಬಿಣದ ಆಂಕರ್ ಫಾಸ್ನರ್ ಬೇಕು; ನಟ್ ಬಿಗಿಸಿದಾಗ ಅದರ ತೋಳು ಹಿಗ್ಗುತ್ತದೆ. ಗಿಟ್ಟಿಯಿಲ್ಲದೆ ಕಾಂಕ್ರೀಟಿನಲ್ಲಿ ತಾನೇ ಥ್ರೆಡ್ ಕೊರೆದುಕೊಳ್ಳುವ ಸ್ಕ್ರೂ ಕೂಡ ಇದೆ. ಇದಕ್ಕೆ ತೂತಿನ ಅಳತೆ ಬಹಳ ಕರಾರುವಾಕ್ಕಾಗಿರಬೇಕು.

ಆದರೆ ಮೊದಲು ಗೋಡೆ ಯಾವುದೆಂದು ತಿಳಿಯಬೇಕು. ಡ್ರಿಲ್ಲಿನಿಂದ ಉದುರುವ ಪುಡಿ ನೋಡಿ. ಕೆಂಪಾದರೆ ಇಟ್ಟಿಗೆ, ಬೂದು ಬಣ್ಣವಾದರೆ ಸಿಮೆಂಟ್. ಡ್ರಿಲ್ ತಟ್ಟನೆ ಒಳಗೆ ನುಗ್ಗಿದರೆ ಹಾಲೋ ಬ್ಲಾಕ್. ಅಲ್ಲಿ ಫಾಸ್ನರ್‌ಗೆ ಒತ್ತಲು ಏನೂ ಇರುವುದಿಲ್ಲ. ಗೋಡೆಯ ಆಚೆಗೂ ಹಾಯುವ ಬೋಲ್ಟ್ ಹಾಕಿ, ಹಿಂದೆ ಕಬ್ಬಿಣದ ಪ್ಲೇಟ್ ಕೊಡಬೇಕು. ಹೊಳೆನರಸೀಪುರ, ಅರಕಲಗೂಡು ಕಡೆಯಿಂದ ಬರುವ ಗೆಳೆಯರ ಮನೆ ಹಳೆಯ ಮಣ್ಣಿನ ಗೋಡೆಯದಾದರೆ ಗಿಟ್ಟಿಯನ್ನು ನಂಬಬೇಡಿ.

8 ಮಿ.ಮೀ. ಗಿಟ್ಟಿಗೆ 8 ಮಿ.ಮೀ. ಬಿಟ್ಟೇ ಬೇಕು. ತೂತು ಗಿಟ್ಟಿಗಿಂತ ಸುಮಾರು 10 ಮಿ.ಮೀ. ಹೆಚ್ಚು ಆಳವಿರಲಿ, ಹಿಡಿತ ಕೊಡುವುದು ಗೋಡೆ, ಪ್ಲಾಸ್ಟರ್ ಅಲ್ಲ, ಅದರ ದಪ್ಪವನ್ನು ಲೆಕ್ಕದಿಂದ ಕಳೆಯಿರಿ. ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ ಕೊರೆಯಬೇಡಿ. ವೈರು ಅಲ್ಲೇ ಇರುತ್ತದೆ. ಅಂಚಿಗೆ ಹತ್ತಿರ ಫಾಸ್ನರ್ ಬಿಗಿಸಿದರೆ ಕಾಂಕ್ರೀಟೇ ಸೀಳುತ್ತದೆ.

ಅವಸರದಲ್ಲಿ ಎಲ್ಲರೂ ಬಿಡುವ ಕೆಲಸವೆಂದರೆ ತೂತಿನ ಪುಡಿ ತೆಗೆಯುವುದು. ಪುಡಿಯ ಮೇಲೆ ಕೂತ ಫಾಸ್ನರ್ ಜಾರುತ್ತದೆ. ಬ್ರಷ್ ಹಾಕಿ, ಊದಿ, ಮತ್ತೆ ಬ್ರಷ್ ಹಾಕಿಸಿ. ಕಣ್ಣಿಗೆ ಕನ್ನಡಕವಿರಲಿ.

ಬಿಗಿಸುವಾಗ ನಟ್ ಸುಮ್ಮನೆ ತಿರುಗುತ್ತಿದ್ದರೆ ಆ ತೂತು ಕೆಟ್ಟಿದೆ. ಬೆಂಕಿಕಡ್ಡಿ ತುರುಕಿ ‘ಗಟ್ಟಿಯಾಯ್ತು’ ಎಂದರೆ ಒಪ್ಪಬೇಡಿ. ತೂತಿನ ಆಳದ ಎರಡರಷ್ಟು ದೂರ ಬಿಟ್ಟು ಹೊಸದು ಕೊರೆಸಿ.